ಗಾಳಿ ಜೋರಾದಾಗ ಹಗ್ಗ ಬಿಡಬೇಕು

ನಮ್ಮ ಕೇರಿಗೆ ಇಪ್ಪತ್ತು ವರ್ಷಗಳಿಂದ ಮೀನು ತರುವ ಹೆಣ್ಣುಮಗಳೊಬ್ಬರು ಕಳೆದ ವಾರ ಬುಟ್ಟಿಯನ್ನು ಜಗುಲಿಯ ಮೇಲಿಳಿಸಿ, ಮೀನಿನ ಮಾತನ್ನೇ ಆಡದೆ, “ಅಕ್ಕೋರೆ, ಅಷ್ಟೆಲ್ಲ ಆದ್ರೂ ನೀವು ಹೆಂಗೆ ಗಟ್ಟಿ ನಿಂತ್ರಿ?” ಎಂದು ಕೇಳಿದರು. ಅವರ ಗಂಡ ಮೂರು ತಿಂಗಳಿಂದ ಹಾಸಿಗೆ ಹಿಡಿದಿದ್ದಾರೆ. ನಾನು “ದೇವರಿದ್ದಾನಲ್ಲ” ಎಂದೆ. ಅದು ಸುಳ್ಳಲ್ಲ, ಆದರೆ ಅವರು ಕೇಳಿದ ಪ್ರಶ್ನೆಗೆ ಅದು ಉತ್ತರವೂ ಆಗಿರಲಿಲ್ಲ. ಆ ದಿನದಿಂದ ಮನಸ್ಸಿನಲ್ಲೇ ಬರೆಯುತ್ತಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

2024ರ ಮಳೆಗಾಲವನ್ನು ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ನೆನಪಿಸಬೇಕಾಗಿಲ್ಲ. ಆ ಜೂನ್ ತಿಂಗಳಲ್ಲಿ ನನ್ನ ತಂದೆಯವರ ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದು ತಿಳಿಯಿತು. ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು, ಹೆದ್ದಾರಿಯ ಬದಿಯಲ್ಲಿದ್ದವರನ್ನೂ ವಾಹನಗಳನ್ನೂ ಗಂಗಾವಳಿಗೆ ತಳ್ಳಿತು. ಮಂಗಳೂರಿನ ಕಡೆಯ ದಾರಿ ಮುಚ್ಚಿತು. ನಾವು ಚಿಕಿತ್ಸೆಗೆ ಗೋವಾದ ದಾರಿ ಹಿಡಿದೆವು. ಆಗಸ್ಟ್ 7ರ ನಡುರಾತ್ರಿ ಆ ದಾರಿಯಲ್ಲಿದ್ದ ಕಾಳಿ ನದಿಯ ಹಳೆಯ ಸೇತುವೆಯೂ ಒಂದು ಲಾರಿಯೊಡನೆ ನೀರಿಗೆ ಬಿತ್ತು. ಲಾರಿಯ ಚಾಲಕರನ್ನು ಮೀನುಗಾರರೂ ಪೊಲೀಸರೂ ಸೇರಿ ಬದುಕಿಸಿದರು. ಮರುದಿನ ನಮಗೆ ಆಸ್ಪತ್ರೆಯ ಸರದಿ ಇತ್ತು. ಆ ಬೆಳಿಗ್ಗೆ ಫೈಲು ಹಿಡಿದುಕೊಂಡು ಬಾಗಿಲಲ್ಲಿ ಕುಳಿತಿದ್ದ ನನಗೆ, ಒಂದೊಂದಾಗಿ ಎಲ್ಲ ದಾರಿಗಳೂ ಕಡಿದುಹೋಗುತ್ತಿವೆ ಎಂದೇ ಅನ್ನಿಸಿತ್ತು.

ತಂದೆಯವರು ಕಾರವಾರದ ಬೈತಖೋಲ ಬಂದರಿನಲ್ಲಿ ಮೂವತ್ತು ವರ್ಷ ತಾಂಡೇಲರಾಗಿ, ಅಂದರೆ ಮೀನುಗಾರಿಕೆ ಬೋಟಿನ ಮುಖ್ಯಸ್ಥರಾಗಿ ದುಡಿದವರು. ಅವರ ಅಂಗೈಗಳಲ್ಲಿ ಹಗ್ಗ ಕೊರೆದ ಗೆರೆಗಳು ಎಷ್ಟು ಆಳವಾಗಿದ್ದವೆಂದರೆ, ಸಂಜೆ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ ಹೇಳುವಾಗ ಮಣಿ ಆ ಗೆರೆಯೊಳಗೇ ಹೋಗಿ ಕೂರುತ್ತಿತ್ತು. ಔಷಧದ ಆಯಾಸಕ್ಕೆ ಮಣಿಗಳ ಮೂರನೆಯ ಹತ್ತಕ್ಕೆ ಬರುವಷ್ಟರಲ್ಲಿ ನಿದ್ದೆ ಹೋಗುತ್ತಿದ್ದರು, ಮಣಿ ಮಾತ್ರ ಬೆರಳಲ್ಲೇ ಇರುತ್ತಿತ್ತು. ಇಂಥ ಒಂದು ಸಂಜೆ ನಾನು ಸಹನೆ ಕಳೆದುಕೊಂಡು, “ಪಪ್ಪಾ, ಇಷ್ಟು ಪ್ರಾರ್ಥಿಸಿದರೂ ಏನೂ ಬದಲಾಗುತ್ತಿಲ್ಲವಲ್ಲ” ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಲಂಗರಿನ ಮಾತು ತೆಗೆದರು.

ಲಂಗರು ತನ್ನ ಭಾರದಿಂದಲೇ ಬೋಟನ್ನು ನಿಲ್ಲಿಸುತ್ತದೆ ಎಂದು ದಡದವರು ತಿಳಿದಿರುತ್ತೇವೆ. ಹಾಗಲ್ಲ, ಅದರ ಕೊಕ್ಕೆ ತಳದ ಮಣ್ಣನ್ನು ಕಚ್ಚಬೇಕು. ಹಗ್ಗ ಗಿಡ್ಡವಾಗಿದ್ದರೆ ಅಲೆ ಎದ್ದಾಗಲೆಲ್ಲ ಬೋಟು ಲಂಗರನ್ನು ಮೇಲಕ್ಕೆ ಎಳೆಯುತ್ತದೆ, ಕಚ್ಚಿದ್ದು ಬಿಟ್ಟುಹೋಗುತ್ತದೆ. ಹಗ್ಗ ಉದ್ದವಾಗಿದ್ದರೆ ಎಳೆತ ತಳದುದ್ದಕ್ಕೂ ಅಡ್ಡಲಾಗಿ ಹೋಗುವುದರಿಂದ ಕೊಕ್ಕೆ ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಹತ್ತು ಮಾರು ನೀರಿದ್ದರೆ ಐವತ್ತು ಮಾರು ಹಗ್ಗವಾದರೂ ಬೇಕು. “ಗಾಳಿ ಜೋರಾದಾಗ ಹೊಸ ಹುಡುಗರು ಹೆದರಿ ಹಗ್ಗ ಎಳೆದು ಬಿಗಿ ಮಾಡ್ಲಿಕ್ಕೆ ಹೋಗ್ತಾರೆ. ಆಗ ಬಿಡ್ಬೇಕು ಮಗಾ, ಇನ್ನೂ ಬಿಡ್ಬೇಕು” ಎಂದರು. ನನ್ನ ಪ್ರಾರ್ಥನೆಯ ಹಗ್ಗ ಎಷ್ಟು ಗಿಡ್ಡವಾಗಿತ್ತು ಎಂಬುದು ಆ ರಾತ್ರಿ ನನಗೆ ಅರ್ಥವಾಯಿತು. ಈ ವಾರದ ವರದಿ, ಮುಂದಿನ ವಾರದ ಸ್ಕ್ಯಾನ್, ಇಷ್ಟೇ ಅದರ ಅಳತೆಯಾಗಿತ್ತು; ಪ್ರತಿ ವರದಿ ಬಂದಾಗಲೂ ನನ್ನ ಲಂಗರು ಕಿತ್ತುಬರುತ್ತಿತ್ತು.

ಇಲ್ಲಿ ನಮ್ಮ ಭಾಷೆಯ ಒಂದು ತೊಡಕನ್ನೂ ಹೇಳಬೇಕು. ಕನ್ನಡ ಬೈಬಲ್ಲಿನಲ್ಲಿ ನಂಬಿಕೆ, ನಿರೀಕ್ಷೆ, ಪ್ರೀತಿ ಎಂಬ ಮೂರರ ಮಾತು ಬರುತ್ತದೆ. ನಾವು ದಿನಬಳಕೆಯಲ್ಲಿ ನಿರೀಕ್ಷೆ ಎನ್ನುವುದು ಬಸ್ಸಿಗಾಗಿ, ಫಲಿತಾಂಶಕ್ಕಾಗಿ, ಸಂಬಳಕ್ಕಾಗಿ ಕಾಯುವುದಕ್ಕೆ. ಬರಬೇಕಾದದ್ದು ಇಂಥದೇ ಎಂದು ಮೊದಲೇ ಗೊತ್ತುಮಾಡಿಕೊಂಡಿರುತ್ತೇವೆ. ನಮ್ಮ ಮನೆಯ ಕೊಂಕಣಿಯಲ್ಲಿ ಅದೇ ಮೂರನ್ನು ಭಾವಾರ್ಥ್, ಭರ್ವಸೊ, ಮೋಗ್ ಎನ್ನುತ್ತೇವೆ. ಭರವಸೆಯನ್ನು ಇಡುವುದು ಬರಲಿರುವ ವಸ್ತುವಿನ ಮೇಲಲ್ಲ, ಕೊಡುವವನ ಮೇಲೆ. ಕ್ರೈಸ್ತ ನಿರೀಕ್ಷೆ ಎಂಬ ಮಾತನ್ನು ನಾನು ಈಗ ಭರವಸೆ ಎಂದೇ ಓದಿಕೊಳ್ಳುತ್ತೇನೆ. ಬೈಬಲ್ಲಿನಲ್ಲಿ ಇಬ್ರಿಯರಿಗೆ ಬರೆದ ಪತ್ರದ ಆರನೆಯ ಅಧ್ಯಾಯ ಅದನ್ನು ಪ್ರಾಣದ ಲಂಗರು ಎಂದು ಕರೆಯುತ್ತದೆ. ರೋಮಿನ ನೆಲದಡಿಯ ಸಮಾಧಿಗಳಲ್ಲಿ ಆದಿಕಾಲದ ಕ್ರೈಸ್ತರು ತಮ್ಮವರ ಗೋರಿಯ ಮೇಲೆ ಲಂಗರನ್ನು ಕೆತ್ತಿದ್ದಾರೆ. ಪೋಪ್ ಫ್ರಾನ್ಸಿಸ್ ಅವರು ‘ಭರವಸೆಯ ಯಾತ್ರಿಕರು’ ಎಂಬ ಧ್ಯೇಯದೊಡನೆ ಸಾರಿದ 2025ರ ಜೂಬಿಲಿ ಎಂಬ ಪವಿತ್ರ ವರ್ಷದ ಲಾಂಛನದಲ್ಲಿಯೂ, ನಾಲ್ವರು ಒಬ್ಬರನ್ನೊಬ್ಬರು ಅಪ್ಪಿ ನಿಂತಿರುವಾಗ ಮುಂದಿನವರು ಹಿಡಿದ ಶಿಲುಬೆಯ ಬುಡ ಕೆಳಗೆ ಅಲೆಗಳೊಳಗೆ ಲಂಗರಾಗಿ ಇಳಿದಿದೆ. ನಮ್ಮ ತಂದೆಯವರು ಆ ವರ್ಷವನ್ನು ಕಾಣಲಿಲ್ಲ.

ಅವರಿಗೆ ಬೈಬಲ್ಲಿನಲ್ಲಿ ಅತ್ಯಂತ ಪ್ರಿಯವಾಗಿದ್ದುದು ಅಪೊಸ್ತಲರ ಕಾರ್ಯಗಳ 27ನೆಯ ಅಧ್ಯಾಯ. ಸಮುದ್ರ ಬಲ್ಲವನು ಬರೆದದ್ದು ಅದು ಎನ್ನುತ್ತಿದ್ದರು. ಕೈದಿಯಾಗಿ ರೋಮಿಗೆ ಹೊರಟ ಅಪೊಸ್ತಲ ಪೌಲನ ಹಡಗು ಬಿರುಗಾಳಿಗೆ ಸಿಕ್ಕಿ, ಅನೇಕ ದಿನ ಸೂರ್ಯನೂ ನಕ್ಷತ್ರಗಳೂ ಕಾಣಿಸದೆ, ಬದುಕುವ ಆಸೆಯೆಲ್ಲ ತಪ್ಪಿಹೋಯಿತು ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿದೆ. ಭಕ್ತರಿಗೆ ಧೈರ್ಯಗುಂದುವುದೇ ಇಲ್ಲ ಎಂದು ಹೇಳುವವರು ಈ ಸಾಲನ್ನು ಓದಬೇಕು. ಹದಿನಾಲ್ಕನೆಯ ರಾತ್ರಿ ನಾವಿಕರು ನೀರಿನ ಆಳ ಅಳೆಯುವ ಗುಂಡು ಬಿಟ್ಟಾಗ ಇಪ್ಪತ್ತು ಮಾರು, ಇನ್ನಷ್ಟು ಮುಂದೆ ಹದಿನೈದು ಮಾರು. ಬಂಡೆಗೆ ಬಡಿಯುವ ಭಯದಿಂದ ಹಿಂಭಾಗದಿಂದ ನಾಲ್ಕು ಲಂಗರುಗಳನ್ನು ಇಳಿಸಿ, ಬೆಳಗಾಗಲೆಂದು ಹಂಬಲಿಸುತ್ತ ಕೂತರು. ಇನ್ನೇನು ಬೆಳಗಾಗುವಾಗ ಪೌಲನು ರೊಟ್ಟಿ ತೆಗೆದುಕೊಂಡು, ಎಲ್ಲರೆದುರು ದೇವರಿಗೆ ಸ್ತೋತ್ರ ಮಾಡಿ, ಮುರಿದು ತಿಂದನು. ಹಡಗಿನಲ್ಲಿದ್ದ 276 ಮಂದಿಯೂ ಧೈರ್ಯ ತಂದುಕೊಂಡು ಊಟ ಮಾಡಿದರು. ಹಡಗು ಮಾತ್ರ ಉಳಿಯಲಿಲ್ಲ. ಮರದ ಹಲಗೆ, ತುಂಡುಗಳನ್ನು ಹಿಡಿದುಕೊಂಡು ಅವರು ಮಾಲ್ಟಾದ ದಡ ಸೇರಿದರು.

ಹಡಗು ಉಳಿಯುತ್ತದೆ ಎಂದು ದೇವರು ಅವರಿಗೆ ಮಾತು ಕೊಟ್ಟಿರಲೇ ಇಲ್ಲ. ಇದನ್ನು ಒತ್ತಿ ಹೇಳಲು ಕಾರಣವಿದೆ. ಆ ತಿಂಗಳುಗಳಲ್ಲಿ ನಮ್ಮ ಮನೆಗೆ ಬಂದ ಕೆಲವರು, ನಂಬಿಕೆ ಪೂರ್ಣವಾಗಿದ್ದರೆ ಗುಣವಾಗಿಯೇ ತೀರುತ್ತದೆ ಎಂದು ತಂದೆಯವರ ಎದುರಿನಲ್ಲೇ ಹೇಳಿದರು. ಅವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಆ ಮಾತು ಕ್ರೂರವಾದದ್ದು. ಅದು ರೋಗಿಯ ಮೇಲೆ ರೋಗದ ಜೊತೆಗೆ ಪರೀಕ್ಷೆಯೊಂದನ್ನೂ ಹೇರುತ್ತದೆ, ಸೋತರೆ ತಪ್ಪೂ ಅವನದೇ ಆಗುತ್ತದೆ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆಯ ತೋಟದಲ್ಲಿ ಈ ಸಂಕಟದ ಪಾತ್ರೆ ನನ್ನಿಂದ ತೊಲಗಲಿ ಎಂದು ಬೇಡಿದ ಯೇಸುವಿನಿಂದಲೂ ಅದು ತೊಲಗಲಿಲ್ಲ. ಶಿರೂರಿನಲ್ಲಿ ಕಾಣೆಯಾದ ಕೇರಳದ ಲಾರಿ ಚಾಲಕರ ದೇಹ ಗಂಗಾವಳಿಯ ತಳದಿಂದ ಲಾರಿಯೊಡನೆ ಸಿಕ್ಕಿದ್ದು ಸೆಪ್ಟೆಂಬರ್ 25ರಂದು, ಎರಡು ತಿಂಗಳಿಗೂ ಹೆಚ್ಚು ಕಾಲದ ನಂತರ. ಅಷ್ಟು ದಿನ ಕಾದವರ ಪ್ರಾರ್ಥನೆಯಲ್ಲಿ ಏನೋ ಕಡಿಮೆಯಿತ್ತು ಎಂದು ಹೇಳಲು ಯಾರಿಗಾದರೂ ಬಾಯಿ ಬಂದೀತೇ? ನನ್ನ ಭರವಸೆಯನ್ನು ಅವರ ದುಃಖಕ್ಕೆ ಉತ್ತರವೆಂದು ಮುಂದಿಡುವ ಹಕ್ಕು ನನಗಿಲ್ಲ. ನನಗಾದದ್ದನ್ನು ಹೇಳಬಲ್ಲೆ, ಅಷ್ಟೇ.

ನನಗಾದದ್ದು ಹೀಗೆ. ಪೌಲನು ರೋಮಿನವರಿಗೆ ಬರೆಯುವಾಗ ಕಷ್ಟದಿಂದ ತಾಳ್ಮೆ, ತಾಳ್ಮೆಯಿಂದ ಪುಟಕ್ಕಿಟ್ಟ ಗುಣ, ಅದರಿಂದ ಭರವಸೆ ಹುಟ್ಟುತ್ತದೆ ಎಂದಿದ್ದಾನೆ. ಭರವಸೆ ಕೊನೆಯಲ್ಲಿ ಬರುತ್ತದೆ. ನಾನು ಅದನ್ನು ಮೊದಲೇ ಹುಡುಕಿ, ಸಿಗದೆ ಕಂಗೆಟ್ಟಿದ್ದೆ. ಆಮೇಲೆ ನಾನು ಮಾಡಿದ್ದೆಲ್ಲ ಸಣ್ಣ ಕೆಲಸಗಳು: ಗಂಜಿ ಬೇಯಿಸುವುದು, ಗುಳಿಗೆಯ ಹೊತ್ತು ಗುರುತು ಹಾಕುವುದು, ಶಾಲೆಗೆ ಹೋಗಿ ಏಳನೆಯ ತರಗತಿಗೆ ವ್ಯಾಕರಣ ಹೇಳುವುದು, ಸಂಜೆ ತೇರ್ಸ್. ಅಳು ಬಂದಾಗ ಅತ್ತಿದ್ದೇನೆ. ಗಟ್ಟಿಯಾಗಿ ನಿಂತವಳು ನಾನಲ್ಲ, ಮೀನಿನ ಅಕ್ಕಾ. ನನ್ನ ಕಣ್ಣಿಗೆ ಕಾಣದ ತಳದಲ್ಲಿ ಏನೋ ಕಚ್ಚಿಕೊಂಡಿತ್ತು, ಆದ್ದರಿಂದ ಬೋಟು ಎಷ್ಟು ಹೊಯ್ದಾಡಿದರೂ ಕೊಚ್ಚಿಕೊಂಡು ಹೋಗಲಿಲ್ಲ. ನಿಮ್ಮ ಮನೆಯಲ್ಲಿ ಈಗ ಬೀಸುತ್ತಿರುವ ಗಾಳಿಗೆ ನಿಮ್ಮ ಜೊತೆ ಕೂತು ಹಗ್ಗ ಹಿಡಿಯುವ ಒಂದು ಕೈ ಬೇಕಾದರೆ, ನನ್ನ ಮನೆಯ ಬಾಗಿಲು ನಿಮಗೆ ಗೊತ್ತಿದೆ.

ನವೆಂಬರಿನಲ್ಲಿ ತಂದೆಯವರಿಗೆ ಹಗಲು ರಾತ್ರಿಯ ಲೆಕ್ಕ ತಪ್ಪಿತು. ರಾತ್ರಿಯಲ್ಲಿ ಎಚ್ಚರವಾದಾಗಲೆಲ್ಲ, “ಬೆಳಗಾಯ್ತಾ?” ಎಂದು ಕೇಳುತ್ತಿದ್ದರು. ಕೊನೆಯ ದಿನ ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಮತ್ತೆ ಕೇಳಿದಾಗ ನಾನು ಎದ್ದು ಕಿಟಕಿ ತೆರೆದೆ. ಹೊರಗೆ ಇನ್ನೂ ಕತ್ತಲೆ ಇತ್ತು, ಬಂದರಿನ ಕಡೆಯಿಂದ ಎಂಜಿನ್ ಸದ್ದು ಕೇಳಿಸುತ್ತಿತ್ತು. “ಇನ್ನೂ ಇಲ್ಲ ಪಪ್ಪಾ, ಬೋಟುಗಳು ಹೊರಟಿವೆ” ಎಂದೆ. ಅವರು ತಲೆಯಾಡಿಸಿ, ಮಣಿಯನ್ನು ಒಂದು ಮುಂದಕ್ಕೆ ಸರಿಸಿದರು.