ಕೆಂಪು ಅಂಕಿ, ನೀಲಿ ಪೆನ್ನು

ಯಾರ ಮನೆಗೆ ಹೋದರೂ ನಾನು ಮೊದಲು ನೋಡುವುದು ಗೋಡೆಯ ಕ್ಯಾಲೆಂಡರ್. ಟಿ.ವಿ. ಎಷ್ಟು ಇಂಚು, ಸೋಫಾ ಹೊಸತಾ ಅಂತ ನೋಡುವವರು ನೋಡಲಿ. ಯಾವ ಕ್ಯಾಲೆಂಡರ್ ಎಲ್ಲಿ ತೂಗುತ್ತಿದೆ ಅಂತ ನೋಡಿದರೆ ಆ ಮನೆಯ ಅರ್ಧ ಜಾತಕ ಸಿಕ್ಕಿತು.

ಮಂಗಳೂರು ಹತ್ತಿರದ ಮೂಲ್ಕಿಯ ನಮ್ಮ ಮನೆಯಲ್ಲಿ ಹಾಲ್‌ನಲ್ಲಿರುವುದು ಚಿನ್ನದ ಅಂಗಡಿಯವರದ್ದು. ಬೆಣ್ಣೆ ಮೆತ್ತಿಕೊಂಡ ಕೃಷ್ಣ ತುಂಬಾ ಚಂದ. ತಾರೀಕು ಮಾತ್ರ ಕನ್ನಡಕ ಹಾಕಿದರೂ ಕಾಣುವುದಿಲ್ಲ. ಅಡುಗೆ ಮನೆಯಲ್ಲಿರುವುದು ಸೊಸೈಟಿಯವರದ್ದು. ಚಿತ್ರ ಅಂತ ಇರುವುದು ಸೊಸೈಟಿಯ ಕಟ್ಟಡ ಒಂದೇ. ಆದರೆ ತಾರೀಕಿನ ಮನೆಗಳು ದೊಡ್ಡ ದೊಡ್ಡ, ಬರೆಯಲು ಬೇಕಾದಷ್ಟು ಜಾಗ. ಮೂರನೆಯದು ರಾಜಕಾರಣಿಗಳದ್ದು. ಓಟಿನ ವರ್ಷ ಹತ್ತಿರ ಬಂದರೆ ಇವು ಜಾಸ್ತಿ. ಹನ್ನೆರಡು ತಿಂಗಳು ಒಟ್ಟು ಸೇರಿದರೂ ಆ ಮುಖದಷ್ಟು ಜಾಗ ಹಿಡಿಯುವುದಿಲ್ಲ. ಅತ್ತೆ ಅದನ್ನು ಬಿಸಾಡುವುದಿಲ್ಲ. ಉಪ್ಪಿನಕಾಯಿ ಭರಣಿಯ ಅಡಿಗೆ ಹಾಸುತ್ತಾರೆ. ಒಳ್ಳೆ ನುಣುಪು ಕಾಗದ. ಪಕ್ಷ ಯಾವುದಾದರೂ ಎಣ್ಣೆ ಕೆಳಗಿಳಿಯುವುದಿಲ್ಲ.

ಹಿಂದೆ ಹಾಲ್‌ನ ಮೊಳೆ ಬ್ಯಾಂಕಿನವರಿಗೇ ಮೀಸಲು. ಕೆನರಾ ಮತ್ತು ಕಾರ್ಪೊರೇಶನ್ 1906ರಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ, ಸಿಂಡಿಕೇಟ್ 1925ರಲ್ಲಿ, ವಿಜಯಾ 1931ರಲ್ಲಿ, ಎಲ್ಲವೂ ಹುಟ್ಟಿದ್ದು ಮಂಗಳೂರು, ಉಡುಪಿಯಲ್ಲೇ. ಮನೆಗೊಬ್ಬರಾದರೂ ಬ್ಯಾಂಕಿನವರು. ‘ಅವರದು ವಿಜಯಾ ಮನೆ, ಇವರದು ಸಿಂಡಿಕೇಟ್ ಮನೆ’ ಅಂತ ಕ್ಯಾಲೆಂಡರ್ ನೋಡಿಯೇ ಹೇಳಬಹುದಿತ್ತು. 2019ರಲ್ಲಿ ವಿಜಯಾ ಬ್ಯಾಂಕ್ ಬರೋಡಾಕ್ಕೆ ಸೇರಿತು. ಮರುವರ್ಷ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿಗೆ. ಮಾವ ಇವುಗಳಲ್ಲೊಂದರಲ್ಲಿ ಇದ್ದು ರಿಟೈರ್ ಆದವರು. ಈಗಲೂ ಡಿಸೆಂಬರ್ ಕೊನೆಗೆ ಇಸ್ತ್ರಿ ಅಂಗಿ ಹಾಕಿಕೊಂಡು ಬ್ರಾಂಚಿಗೆ ಹೋಗಿ ಕ್ಯಾಲೆಂಡರ್ ತರುತ್ತಾರೆ. ಬಿಡಿಸಿ, ಬೆರಳಲ್ಲಿ ಉಜ್ಜಿ, ‘ನಮ್ಮ ಕಾಲದ ಕಾಗದ ಅಲ್ಲ’ ಅನ್ನುತ್ತಾರೆ. ಆಮೇಲೆ ತಮ್ಮ ರೂಮಿನಲ್ಲಿ ತೂಗು ಹಾಕುತ್ತಾರೆ.

ಇಷ್ಟೆಲ್ಲಾ ಕ್ಯಾಲೆಂಡರ್ ಇದ್ದರೂ ಕೆಂಪು ಅಂಕಿ ನಂಬಿ ಇಲ್ಲಿ ಬದುಕಲಿಕ್ಕಾಗುವುದಿಲ್ಲ. ಕೆಂಪು ಮಾಡುವವರು ಬೆಂಗಳೂರಿನಲ್ಲಿ ಕೂತಿದ್ದಾರೆ. ಹಬ್ಬ ಮಾಡುವವರು ನಾವು.

2025ರ ಕೃಷ್ಣಾಷ್ಟಮಿಯನ್ನೇ ನೋಡಿ. ಹೆಚ್ಚಿನ ಕಡೆ ಆಗಸ್ಟ್ 16ಕ್ಕೆ ಮುಗಿಯಿತು. ಉಡುಪಿಯಲ್ಲಿ ಆದದ್ದು ಸೆಪ್ಟೆಂಬರ್ 14ಕ್ಕೆ. ಇಲ್ಲಿ ಲೆಕ್ಕ ಸೌರಮಾನದ್ದು, ಸೂರ್ಯ ಸಿಂಹ ರಾಶಿಗೆ ಬಂದು ಸಿಂಹ ಮಾಸ ಶುರುವಾಗಬೇಕು. ಆ ವರ್ಷ ಸಿಂಹ ಶುರುವಾದದ್ದು ಆಗಸ್ಟ್ 17ಕ್ಕೆ. ಒಂದೇ ದಿನ ತಪ್ಪಿದ್ದಕ್ಕೆ ಹಬ್ಬ ತಿಂಗಳಾಚೆಗೆ ಹೋಯಿತು. 14 ಭಾನುವಾರ, ಸರಿ. ಅಷ್ಟಮಿಯ ಮರುದಿನದ ಉತ್ಸವ ವಿಟ್ಲಪಿಂಡಿ ಸೋಮವಾರ. ರಥಬೀದಿಯಲ್ಲಿ ಮೊಸರು ಕುಡಿಕೆ, ಹುಲಿವೇಷ ಎಲ್ಲ ಅವತ್ತೇ. ರಜೆ ಹಾಕಿದರೆ ಬೆಂಗಳೂರಿನ ಎಚ್‌ಆರ್ ಮೇಡಂ ಫೋನ್ ಮಾಡಿದರು. ‘ಕೃಷ್ಣ ಹೋದ ತಿಂಗಳೇ ಹುಟ್ಟಿದನಲ್ವಾ?’

‘ಅದು ನಿಮ್ಮ ಕೃಷ್ಣ ಮೇಡಂ. ನಮ್ಮವನು ಸ್ವಲ್ಪ ಲೇಟು.’

ರಜೆ ಸಿಕ್ಕಿತು. ನಗಿಸಿದರೆ ಅರ್ಧ ಕೆಲಸ ಆದ ಹಾಗೆ.

ನಮ್ಮ ಸೆಕ್ಷನ್ನಿನ ಬ್ಯಾರಿ, ಅಂದರೆ ಕರಾವಳಿಯ ಮುಸ್ಲಿಂ, ಗೆಳೆಯನದು ಇದಕ್ಕಿಂತ ಕಷ್ಟ. ಚಂದ್ರದರ್ಶನಕ್ಕೆ ಕರಾವಳಿಯವರು ಕೇರಳದ ಕಡೆ ಕಿವಿಗೊಡುತ್ತಾರೆ. 2024ರ ರಂಜಾನ್ ಹಬ್ಬ ಇಲ್ಲಿ ಏಪ್ರಿಲ್ 10ಕ್ಕೆ, ರಾಜ್ಯದ ಉಳಿದ ಕಡೆ 11ಕ್ಕೆ. ಆಫೀಸಿನ ಪಟ್ಟಿಯಲ್ಲಿದ್ದದ್ದು 11. ಅವನು ಹಬ್ಬಕ್ಕೆ ಸ್ವಂತ ರಜೆ ಹಾಕಿದ. ಮರುದಿನ ಹಬ್ಬ ಇಲ್ಲದ ನಾವೆಲ್ಲ ಮನೆಯಲ್ಲಿ ಕೂತೆವು. ಬಿರಿಯಾನಿ ಬಂದದ್ದು ಶುಕ್ರವಾರ, ಅದೂ ಫ್ರಿಜ್‌ನಿಂದ. ರುಚಿಗೆ ಮೋಸ ಇರಲಿಲ್ಲ.

ಇಲ್ಲಿನ ಕ್ಯಾಥೋಲಿಕರ ಮೊಂತಿ ಫೆಸ್ತ್‌ಗೆ ಚಂದ್ರ, ನಕ್ಷತ್ರದ ಗೊಡವೆ ಇಲ್ಲ. ಪ್ರತಿ ವರ್ಷ ಸೆಪ್ಟೆಂಬರ್ 8. ಮಕ್ಕಳು ಬುಟ್ಟಿ ತುಂಬ ಹೂ ತಂದು ಮಾತೆ ಮರಿಯಮ್ಮನಿಗೆ ಹಾಕುತ್ತಾರೆ, ಹೊಸ ತೆನೆ ಮನೆಗೆ ಬರುತ್ತದೆ, ಅವತ್ತು ಬಾಳೆಲೆಯಲ್ಲಿ ಬರೀ ತರಕಾರಿ ಊಟ. ತಾರೀಕು ಅಷ್ಟು ಗಟ್ಟಿ ಇದ್ದರೂ ನಮ್ಮ ಆಫೀಸಿನ ಪಟ್ಟಿಯಲ್ಲಿ ಕಪ್ಪು. ನಮ್ಮ ತುಳುವರ ಹೊಸ ವರ್ಷ ಬಿಸುವಿನ ಅದೃಷ್ಟ ಮಾತ್ರ ಒಳ್ಳೆಯದು. ಎಷ್ಟೋ ವರ್ಷ ಏಪ್ರಿಲ್ 14ಕ್ಕೇ ಬೀಳುತ್ತದೆ, ಅವತ್ತು ಅಂಬೇಡ್ಕರ್ ಜಯಂತಿಯ ರಜೆ. ದೇವರ ಮುಂದೆ ಫಲವಸ್ತುಗಳ ಕಣಿ ಇಟ್ಟು, ಪಾಯಸ ಮಾಡಿ, ಹಿರಿಯರ ಕಾಲು ಹಿಡಿದು, ಮಧ್ಯಾಹ್ನ ನಿದ್ದೆಯೂ ಮಾಡಬಹುದು. ಕೆಂಪಾಗಿರುವ ಆ ಇನ್ನೊಂದು ಯುಗಾದಿಗೆ ನಮ್ಮಲ್ಲಿ ಗೌಜಿ ಇಲ್ಲ. ಸೀರಿಯಲ್‌ನಲ್ಲಿ ಎಲ್ಲರೂ ರೇಷ್ಮೆ ಉಟ್ಟು ಬೇವು ಬೆಲ್ಲ ಹಂಚುವುದನ್ನು ನೋಡಿ ಮಗ ಕೇಳುತ್ತಾನೆ, ‘ನಮಗೆ ಯಾಕಿಲ್ಲ?’ ಬೆಲ್ಲ ಕೊಟ್ಟರೆ ಸುಮ್ಮನಾಗುತ್ತಾನೆ. ಬೇವು ಅವನಿಗೂ ಬೇಡ.

ಹಾಗಾಗಿ ನಮ್ಮ ಮನೆ ನಡೆಯುವುದು ಅತ್ತೆಯ ನೀಲಿ ಪೆನ್ನಿನಲ್ಲಿ. ಪೆನ್ನನ್ನು ದಾರ ಕಟ್ಟಿ ಕ್ಯಾಲೆಂಡರಿನ ಮೊಳೆಗೇ ತೂಗಿಸಿದ್ದಾರೆ, ಯಾರೂ ಒಯ್ಯಬಾರದು ಅಂತ. ಒಂದು ಮನೆಯಲ್ಲಿ ‘ಗ್ಯಾ’ ಅಂತ ಬರೆದು ಸುತ್ತ ಗೆರೆ, ಅಂದರೆ ಸಿಲಿಂಡರ್ ಬಂತು. ಇನ್ನೊಂದರಲ್ಲಿ ‘ಕೋಳಿ ಕೂತದ್ದು’. ಅಲ್ಲಿಂದ 21 ದಿನ ಎಣಿಸಿ ‘ಮರಿ?’ ಅಂತ ಒಂದು ಪ್ರಶ್ನೆ ಚಿಹ್ನೆ. ‘ಪುತ್ತೂರು ಮದುವೆ, ಹೋಗಲೇಬೇಕು’. ಅದರ ಕೆಳಗೆ ಮಾವನ ಅಕ್ಷರದಲ್ಲಿ ‘ಯಾಕೆ?’. ಜೂನ್ 1ಕ್ಕೆ ‘ಬೋಟು ಬಂದ್’. ಜುಲೈ 31ರವರೆಗೆ ಯಾಂತ್ರಿಕ ಬೋಟು ಕಡಲಿಗೆ ಇಳಿಯುವಂತಿಲ್ಲ, 61 ದಿನ. ಅದಕ್ಕೇ ಮೇ ಕೊನೆಯ ವಾರದಲ್ಲಿ ‘ಒಣಮೀನು ತರಬೇಕು’ ಅಂತ ಎರಡೆರಡು ಸಲ ಅಡಿಗೆರೆ.

ಮೇ 24ರ ಆಸುಪಾಸಿನಲ್ಲಿ ‘ಪತ್ತನಾಜೆ’ ಅಂತ ಬರೆದಿರುತ್ತಾರೆ, ಅಂದರೆ ತುಳು ಬೇಶ ತಿಂಗಳ ಹತ್ತನೇ ದಿನ. ಅವತ್ತಿಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ದೈವಗಳ ಕೋಲ, ನೇಮ ಎಲ್ಲ ನಿಲ್ಲುತ್ತದೆ. 2022ರಲ್ಲಿ ‘ಕಾಂತಾರ’ ಬಂದ ಮೇಲೆ ನನಗೆ ಇದನ್ನು ವಿವರಿಸುವುದೇ ಒಂದು ಉದ್ಯೋಗ ಆಗಿದೆ. ಬೆಂಗಳೂರಿನ ಗೆಳತಿ ಜೂನ್‌ನಲ್ಲಿ ಫೋನ್ ಮಾಡಿ, ‘ಮಕ್ಕಳಿಗೆ ಎರಡು ದಿನ ರಜೆ ಉಂಟು, ಒಂದು ಕೋಲ ನೋಡಿಕೊಂಡು ಹೋಗ್ತೇವೆ’ ಅಂದಳು. ದೈವಕ್ಕೂ ರಜೆ ಇರುತ್ತದೆ ಅಂದರೆ ಅವಳು ನಂಬಲೇ ಇಲ್ಲ. ನಾನು ತಪ್ಪಿಸಿಕೊಳ್ಳಲು ನೆಪ ಹೇಳುತ್ತಿದ್ದೇನೆ ಅಂದುಕೊಂಡಳು. ಅದೂ ಸ್ವಲ್ಪ ನಿಜವೇ ಅನ್ನಿ. ಆ ಮಳೆಯಲ್ಲಿ ನಾಲ್ಕು ಜನರ ಬಟ್ಟೆ ಎಲ್ಲಿ ಒಣಗಿಸುವುದು?

ನೀಲಿ ಪೆನ್ನಿಗೂ ಸಿಗದ ರಜೆ ಅಂದರೆ ಮಳೆಯ ರಜೆ. ಅದು ಡಿ.ಸಿ.ಯವರ ಕೈಯಲ್ಲಿ. ಜುಲೈ ಬಂದರೆ ರಾತ್ರಿ ಮನೆಮನೆಯಲ್ಲೂ ಒಂದೇ ಪ್ರಶ್ನೆ, ‘ಡಿ.ಸಿ. ರಜೆ ಕೊಟ್ರಾ?’ ವಾಟ್ಸಾಪ್‌ನಲ್ಲಿ ಯಾರೋ ಹೋದ ವರ್ಷದ ಆದೇಶಕ್ಕೆ ಹೊಸ ತಾರೀಕು ಅಂಟಿಸಿ ಬಿಡುತ್ತಾರೆ. ಮಗ ಕುಣಿಯುತ್ತಾನೆ. ನಾನು ಸಹಿ ಯಾರದ್ದು ಅಂತ ನೋಡುತ್ತೇನೆ. ಹಿಂದಿನ ಡಿ.ಸಿ.ಯದ್ದಾದರೆ ಹೋಂವರ್ಕ್ ಮಾಡಿಸುವುದು.

ಸೊಸೈಟಿ ಕ್ಯಾಲೆಂಡರಿಗೆ ಡಿಸೆಂಬರ್ ಆಚೆ ಜಾಗ ಇಲ್ಲವಲ್ಲ, ಅಲ್ಲೇ ಈಗ ತೊಂದರೆ ಬಂದಿರುವುದು. ಕಟೀಲು ಮೇಳದ ಹರಕೆ ಆಟ, ಅಂದರೆ ಹರಕೆ ಹೊತ್ತು ಆಡಿಸುವ ಯಕ್ಷಗಾನ, ಇವತ್ತು ಬರೆಸಿದರೆ ಹತ್ತಿಪ್ಪತ್ತು ವರ್ಷ ಬಿಟ್ಟು ಸರದಿ ಬರುವುದೂ ಉಂಟು. ಮಾವ ಹೋಗಿ ಬರೆಸಿ ಬಂದಿದ್ದಾರೆ. ಇದನ್ನು ಎಲ್ಲಿ ಬರೆದಿಡುವುದು ಅಂತ ಅತ್ತೆಯ ಚಿಂತೆ. ಮಗನಿಗೆ ಈಗ ಎಂಟು ವರ್ಷ. ಆಟದ ಹೊತ್ತಿಗೆ ಅವನಿಗೆ ಕೆಲಸ ಆಗಿರುತ್ತದೆ, ರಜೆ ಸಿಗುತ್ತದೋ ಇಲ್ಲವೋ. ಮಾವನಿಗೆ ಅದೆಲ್ಲ ತಲೆಬಿಸಿ ಇಲ್ಲ. ಜಗಲಿಯಲ್ಲಿ ಕೂತು ಊಟಕ್ಕೆ ಎಷ್ಟು ಜನ ಆಗಬಹುದು ಅಂತ ಲೆಕ್ಕ ಹಾಕುತ್ತಿದ್ದಾರೆ. ಪುತ್ತೂರಿನವರನ್ನು ಕರೆಯುವುದೋ ಬೇಡವೋ ಅಂತ ಇನ್ನೂ ತೀರ್ಮಾನ ಆಗಿಲ್ಲ.