ಅದು ಬಾಕ್ಸರ್ ಅಲ್ಲ ಕಣೋ

ಬೆಳಗ್ಗೆ ಕಾಫಿ ಲೋಟ ಹಿಡ್ಕೊಂಡು ಫೋನ್ ತೆಗೆದರೆ ಅಕ್ಕನ ಮಗನ ಫೋಟೊ. ಫಿಲಡೆಲ್ಫಿಯಾದ ಆರ್ಟ್ ಮ್ಯೂಸಿಯಂ ಮೆಟ್ಟಿಲ ಹತ್ತಿರ, ರಾಕಿ ಪ್ರತಿಮೆ ಪಕ್ಕ, ಎರಡೂ ಕೈ ಮೇಲೆತ್ತಿ ನಿಂತಿದಾನೆ. ಕೆಳಗೆ "ಚಾಂಪಿಯನ್ ಜೊತೆ ನಾನು, ಕ್ಯೂ ನಿಂತಿದ್ದೂ ಸಾರ್ಥಕ" ಅಂತ ಬರೆದಿದಾನೆ. ಅದಕ್ಕೆ ನೂರಾರು ಲೈಕು. ಅಕ್ಕ ಬೇರೆ ಮೂರು ಹೃದಯ ಒತ್ತಿದಾಳೆ.

ಯಾವ ಚಾಂಪಿಯನ್ನೋ? ರಾಕಿ ಅನ್ನೋನು ಹುಟ್ಟೇ ಇಲ್ಲ. ಅವನು ಹಾಲಿವುಡ್ ಸಿನಿಮಾದ ಬಾಕ್ಸರ್. ಆ ಕಂಚೂ ಸಿನಿಮಾಕ್ಕೇ ಅಂತ ಮಾಡಿಸಿದ್ದು.

ಅದೇ ಊರಲ್ಲಿ ಒಬ್ಬ ನಿಜವಾದ ಚಾಂಪಿಯನ್ ಬದುಕಿದ್ದ. ಕಸಾಯಿಖಾನೆಯಲ್ಲಿ ಕೆಲಸ ಮಾಡ್ತಾ, ತೂಗುಹಾಕಿದ ಮಾಂಸದ ತುಂಡಿಗೆ ಗುದ್ದಿ ಗುದ್ದಿ ಅಭ್ಯಾಸ ಮಾಡಿದವನು. ಸಿನಿಮಾದಲ್ಲಿ ನೋಡಿ ಶಿಳ್ಳೆ ಹೊಡೆದ್ರಲ್ಲ, ಆ ಮಾಂಸದ ಸೀನು ಇವನ ಬದುಕು. ಜೋ ಫ್ರೇಜಿಯರ್. ಅವನು ಸತ್ತಿದ್ದು 2011ರಲ್ಲಿ, ಪ್ರತಿಮೆ ಎದ್ದಿದ್ದು 2015ರಲ್ಲಿ. ಅದೂ ಆ ಮೆಟ್ಟಿಲ ಹತ್ತಿರ ಅಲ್ಲ, ಊರಿನ ಇನ್ನೊಂದು ತುದಿಗೆ, ಸ್ಟೇಡಿಯಂಗಳ ಕಡೆ.

ಹಳೇ ಗೆಳೆಯರಿಗೆ ನನ್ನ ಎಡ ಮೊಣಕೈ ಕತೆ ಗೊತ್ತು. ಹುಣಸೆ ಮರದಿಂದ ಬಿದ್ದು, ಪಟ್ಟು ಹಾಕಿಸಿ, ಇವತ್ತಿಗೂ ಪೂರ್ತಿ ನೆಟ್ಟಗಾಗಲ್ಲ. ಹಾಗಾಗಿ ಫ್ರೇಜಿಯರ್ ಬಗ್ಗೆ ಮೊದಲ ಸಲ ಓದಿದಾಗ ಎದ್ದು ಕೂತಿದ್ದೆ. ಸೌತ್ ಕೆರೊಲಿನಾದ ಬ್ಯೂಫರ್ಟ್ ಕಡೆಯ ಬಡ ಗೇಣಿದಾರನ ಮಗ. ಸಣ್ಣವನಿದ್ದಾಗ ದೊಡ್ಡಿಯ ಹಂದಿಯನ್ನ ಕೆಣಕಿದ, ಅದು ಅಟ್ಟಿಸಿಕೊಂಡು ಬಂತು, ಬಿದ್ದ, ಎಡಗೈ ಇಟ್ಟಿಗೆಗೆ ಬಡೀತು. ಡಾಕ್ಟರಿಗೆ ಕೊಡೋಕೆ ದುಡ್ಡಿಲ್ಲ. ಕೈ ತನ್ನಷ್ಟಕ್ಕೆ ತಾನೇ ಕೂಡಿಕೊಳ್ತು, ಸೊಟ್ಟಗೆ. ಆ ಸೊಟ್ಟ ಕೈಯಿಂದಲೇ ಜಗತ್ತಿನ ಅತಿ ಭಯಂಕರ ಎಡಗೈ ಹುಕ್, ಅಂದ್ರೆ ಪಕ್ಕದಿಂದ ಬಾಗಿ ಬರೋ ಗುದ್ದು, ಬಂತು. (ನನ್ನ ಸೊಟ್ಟ ಕೈಯಿಂದ ಇದುವರೆಗೆ ಬಂದಿರೋದು ಬಸ್ಸಲ್ಲಿ ಪಕ್ಕದವರ ಬೈಗುಳ ಮಾತ್ರ.)

ಅವನ ಆಟ ನೋಡಿ ಒಂದ್ಸಲ. ಹೆವಿವೇಟ್‌ಗೆ ಆರಡಿಯೂ ಇಲ್ಲದ ಆಳು, ತೋಳೂ ಗಿಡ್ಡ. ದೂರ ನಿಂತರೆ ಏಟು ತಿನ್ನೋದೊಂದೇ ದಾರಿ, ಹಾಗಾಗಿ ದೂರ ನಿಲ್ಲೋದೇ ಇಲ್ಲ. ಮಂಡಿ ಬಗ್ಗಿಸಿ, ಗಲ್ಲ ಎದೆಗೆ ಒತ್ತಿ, ತಲೆ ಆ ಕಡೆ ಈ ಕಡೆ, ಮೇಲೆ ಕೆಳಗೆ. ಒಳಕಲ್ಲಲ್ಲಿ ರುಬ್ಬುಗುಂಡು ತಿರುಗೋ ಹಾಗೆ ಒಂದು ಕ್ಷಣ ನಿಲ್ಲದೆ ಆಡ್ತಾ, ಮುಂದೆ ಮುಂದೆ ನುಗ್ಗೋದು. ಮೊದಲು ಪಕ್ಕೆಗೆ ಹೊಡೆದು ಎದುರಿನವನ ಕೈ ಇಳಿಸೋದು, ಆಮೇಲೆ ದವಡೆಗೆ. ಹಿಂದಕ್ಕೆ ಹೆಜ್ಜೆ ಇಡೋದು ಅವನ ಜಾಯಮಾನದಲ್ಲೇ ಇಲ್ಲ. 1964ರ ಟೋಕಿಯೊ ಒಲಿಂಪಿಕ್ಸ್ ಚಿನ್ನ ಗೆದ್ದಿದ್ದು ಎಡಗೈ ಹೆಬ್ಬೆರಳು ಮುರಿದುಕೊಂಡು, ಯಾರಿಗೂ ಹೇಳದೆ.

1971ರ ಮಾರ್ಚ್ 8, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಎದುರಿಗೆ ಮುಹಮ್ಮದ್ ಅಲಿ, ಇಬ್ಬರಿಗೂ ತಲಾ 25 ಲಕ್ಷ ಡಾಲರ್. ಅಪ್ಪರ್‌ಕಟ್ (ಕೆಳಗಿಂದ ಮೇಲಕ್ಕೆ ಬರೋ ಗುದ್ದು) ಹೊಡೆಯೋಕೆ ಅಲಿ ಬಲಗೈ ಕೆಳಗಿಳಿಸ್ತಾನೆ, ಆಗ ಹುಕ್ ಬಿಡು ಅಂತ ಫ್ರೇಜಿಯರ್‌ಗೆ ತರಬೇತಿ ಕೊಡ್ತಿದ್ದ ಎಡ್ಡಿ ಫಚ್ ಹೇಳಿಕೊಟ್ಟಿದ್ದ. ಹದಿನೈದನೇ ಸುತ್ತು. ನೆಲದಿಂದ ಎತ್ತಿ ತಂದ ಹಾಗೆ ಬಂದ ಆ ಎಡಗೈ ಅಲಿಯ ದವಡೆಗೆ ಬಿತ್ತು. ಅಲಿ ಬೆನ್ನಡಿಯಾಗಿ ಬಿದ್ದ, ಕಾಲು ಮೇಲೆ ಹೋಯ್ತು, ಬೂಟಿನ ಕೆಂಪು ಕುಚ್ಚು ಗಾಳಿಯಲ್ಲಿ ಹಾರಾಡಿತು. ಎದ್ದ, ಅದು ಅಲಿಯ ದೊಡ್ಡಸ್ತಿಕೆ. ಆದರೆ ರೆಫ್ರಿ, ಇಬ್ಬರು ಜಡ್ಜ್‌ಗಳು, ಮೂವರೂ ಗೆಲುವು ಕೊಟ್ಟಿದ್ದು ಫ್ರೇಜಿಯರ್‌ಗೆ.

ಈಗ ಬರ್ತೀರ ನೀವು, ಗೊತ್ತು. "ಸಾರ್, ಅಲಿ ಬರೀ ಬಾಕ್ಸರ್ ಅಲ್ಲ, ವಿಯೆಟ್ನಾಂ ಯುದ್ಧಕ್ಕೆ ಹೋಗಲ್ಲ ಅಂದವನು, ಆಡೋ ವಯಸ್ಸಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಳಕೊಂಡವನು." ಒಪ್ಪಿದೆ. ಸಾವಿರ ಸಲ ಒಪ್ಪಿದೆ. 1973ರಲ್ಲಿ ಜಮೈಕಾದಲ್ಲಿ ಜಾರ್ಜ್ ಫೋರ್‌ಮನ್ ಎರಡೇ ಸುತ್ತಲ್ಲಿ ಫ್ರೇಜಿಯರ್‌ನನ್ನ ಆರು ಸಲ ಬೀಳಿಸಿದ್ದೂ ನಿಜ. ಆದರೆ ಆ ಮೂರು ವರ್ಷ ಅಲಿಗೆ ಬಾಕ್ಸಿಂಗ್ ಲೈಸೆನ್ಸ್ ವಾಪಸ್ ಕೊಡಿ ಅಂತ ಓಡಾಡಿದವರಲ್ಲಿ ಇವನೂ ಒಬ್ಬ. ಅದಕ್ಕೆ ಸಿಕ್ಕ ಸಂಭಾವನೆ ಏನು? ಅಲಿಯ ಬಾಯಿಂದ ಬಿಳಿಯರ ಬಾಲಬಡುಕ ಅಂತ ಬಿರುದು. ಗದ್ದೆ ಕೆಲಸ ಮಾಡಿ ಬೆಳೆದವನಿಗೆ, ಲೂಯಿವಿಲ್‌ನ ಶ್ರೀಮಂತ ಬಿಳಿಯರ ದುಡ್ಡಲ್ಲೇ ವೃತ್ತಿ ಶುರು ಮಾಡಿದವನು ಹೇಳಿದ ಮಾತು ಇದು. ಮನಿಲಾದಲ್ಲಿ ಇಬ್ಬರೂ ಮತ್ತೆ ಆಡೋ ಮುಂಚೆ ಅಲಿ ಇವನನ್ನ ಗೊರಿಲ್ಲಾ ಅಂದ, ರಬ್ಬರ್ ಗೊರಿಲ್ಲಾ ಗೊಂಬೆ ತಂದು ಪತ್ರಕರ್ತರ ಮುಂದೆ ಗುದ್ದಿ ತೋರಿಸಿದ. ಎಲ್ಲರೂ ನಕ್ಕರು.

ನಾನೂ ನಕ್ಕಿದ್ದೆ. ಹೇಳಿಬಿಡ್ತೀನಿ ಇವತ್ತು. ಹಾಸ್ಟೆಲ್‌ನಲ್ಲಿ ನನ್ನ ಮಂಚದ ಮೇಲೆ ಇದ್ದಿದ್ದು ಅಲಿ ಚಿತ್ರ. ಆ ಪ್ರಾಸ, ಆ ಬಾಯಿ, ನನಗೆ ದೇವರ ಸಮಾನ. ಬಾಯಿ ಇದ್ದವನ ಕಡೆ ನಿಲ್ಲೋದು ಸುಲಭ ಕಣ್ರೀ.

1975ರ ಅಕ್ಟೋಬರ್ 1. ಮನಿಲಾ, ಬೆಳಗಿನ ಹೊತ್ತು, ಬೆಂದುಹೋಗೋ ಸೆಕೆ. ಹದಿನಾಲ್ಕನೇ ಸುತ್ತು ಮುಗಿಯೋ ಹೊತ್ತಿಗೆ ಫ್ರೇಜಿಯರ್‌ನ ಬಲಗಣ್ಣು ಊದಿ ಮುಚ್ಚಿಹೋಗಿತ್ತು. ಎಡಗಣ್ಣಲ್ಲಿ ಮೊದಲೇ ಪೊರೆ, ಅದನ್ನ ವರ್ಷಗಟ್ಟಲೆ ಮುಚ್ಚಿಟ್ಟಿದ್ದ. ಅಂದ್ರೆ ಕುರುಡನ ಹಾಗೆ ಆಡ್ತಿದ್ದ. ಫಚ್ ಸಾಕು ಅಂದ. ಇವನು ಬೇಡ, ಇನ್ನೊಂದು ಸುತ್ತು ಬಿಡು ಅಂತ ಏಳೋಕೆ ಹೋದ. ಫಚ್ ಹೆಗಲ ಮೇಲೆ ಕೈಯಿಟ್ಟು ಕೂರಿಸಿದ, ಇವತ್ತು ನೀನು ಮಾಡಿದ್ದನ್ನ ಯಾರೂ ಮರೆಯಲ್ಲ ಮಗನೇ ಅಂದ.

ಮರೆತರು ಫಚ್ಚಪ್ಪ. ಮರೆತು ಸಿನಿಮಾದವನ ಮುಂದೆ ಕ್ಯೂ ನಿಂತರು.

ಫ್ರೇಜಿಯರ್ ಮಾತ್ರ ಏನನ್ನೂ ಮರೆಯಲಿಲ್ಲ. 1996ರಲ್ಲಿ ಅಟ್ಲಾಂಟಾದಲ್ಲಿ ಅಲಿ ನಡುಗೋ ಕೈಯಲ್ಲಿ ಒಲಿಂಪಿಕ್ ಜ್ಯೋತಿ ಹಚ್ಚಿದಾಗ ಲೋಕವೇ ಅತ್ತರೆ, ಇವನು ಆ ಬೆಂಕಿಗೇ ತಳ್ಳಬೇಕಿತ್ತು ಅನ್ನೋ ಮಾತಾಡಿದ. ಕೆಟ್ಟ ಮಾತು. ಆದರೆ ನನಗೆ ಅವನ ಮೇಲೆ ಕೋಪ ಬರಲ್ಲ, ಏನ್ ಮಾಡ್ಲಿ. 2001ರಲ್ಲಿ ಅಲಿ ಪತ್ರಿಕೆ ಮೂಲಕ ಕ್ಷಮೆ ಕೇಳಿದ. ನನಗೆ ಹೇಳಲಿ, ಪೇಪರಿಗಲ್ಲ ಅಂದ ಇವನು. ಸರಿಯಾಗೇ ಅಂದ. ಹತ್ತು ವರ್ಷ ಕಳೆದು ಇವನ ಅಂತ್ಯಕ್ರಿಯೆಗೆ ಅಲಿ ಬಂದ, ಪಾರ್ಕಿನ್ಸನ್ಸ್‌ನಿಂದ ಜರ್ಜರಿತನಾಗಿ. ರಾಕಿ ಚಾಂಪಿಯನ್ ಅಲ್ಲ, ಜೋ ಫ್ರೇಜಿಯರ್ ಚಾಂಪಿಯನ್ ಅಂತ ಅಲ್ಲಿ ಕರಿಯರ ಹಕ್ಕಿನ ಹೋರಾಟಗಾರ ಜೆಸ್ಸಿ ಜಾಕ್ಸನ್ ಹೇಳಿದ. ನಾನು ಬೆಳಗ್ಗೆಯಿಂದ ಬಡ್ಕೊಳ್ತಿರೋದೂ ಅದನ್ನೇ.

ಇಷ್ಟೆಲ್ಲ ತಲೆಯಲ್ಲಿಟ್ಟುಕೊಂಡು ಅಕ್ಕನ ಮಗನಿಗೆ "ಜೋ ಫ್ರೇಜಿಯರ್ ಪ್ರತಿಮೆ ನೋಡಿದೆಯೇನೋ?" ಅಂತ ಮೆಸೇಜ್ ಹಾಕಿದೆ. ಅರ್ಧ ಗಂಟೆ ಬಿಟ್ಟು ಉತ್ತರ ಬಂತು. "ಅದ್ಯಾರು ಮಾವ? ರಾಕಿ ಸಿನಿಮಾದಲ್ಲಿದಾನಾ?"

ಇದಾನೆ ಕಣಪ್ಪ. ಮೊದಲನೇ ಸಿನಿಮಾದಲ್ಲೇ ಇದಾನೆ. ರಾಕಿ ಆಡೋ ಮ್ಯಾಚಿಗೆ ಅತಿಥಿಯಾಗಿ ರಿಂಗಿಗೆ ಹತ್ತಿ, ಕೈ ಕುಲುಕಿ, ಇಳಿದು ಹೋಗ್ತಾನೆ.