ಹೆಸರು ಒಂದೇ ಅಂತ ಮನುಷ್ಯರೂ ಒಬ್ಬರೇನಾ?

ಒಬ್ಬ ಸಂಶೋಧಕರ ಬಗ್ಗೆ ನೀವು ಬರೆದ ಲೇಖನ ಓದಿದೆ. ಹಸುವಿನ ಮೇವಿನ ಮೇಲೂ ಮಾನಸಿಕ ಆರೋಗ್ಯದ ಮೇಲೂ ಅವರೊಬ್ಬರದೇ ಸಂಶೋಧನಾ ಪ್ರಬಂಧಗಳಿರುವುದು ‘ಅಪರೂಪದ ಪ್ರತಿಭೆ’ ಅಂತ ಬರೆದಿದ್ದೀರಿ. ಇರಬಹುದು. ಆದರೆ ಸಂಶೋಧಕರ ಪ್ರಬಂಧಗಳನ್ನು ಪಟ್ಟಿ ಮಾಡಿ ತೋರಿಸುವ ಗೂಗಲ್ ಸ್ಕಾಲರ್ ಪುಟ ಒಂದನ್ನೇ ನೋಡಿ ಹಾಗೆ ಹೇಳಬಾರದಿತ್ತು. ಹೆಸರು, ಇನಿಷಿಯಲ್ ಒಂದೇ ಆಗಿದ್ದರೆ ಬೇರೆಯವರ ಪ್ರಬಂಧವೂ ತಾನಾಗಿಯೇ ಅಲ್ಲಿ ಬಂದು ಸೇರಿಕೊಳ್ಳಬಹುದು.

ನಾನು ಮುಳಬಾಗಿಲು ಕಡೆಯವನು. ನಮ್ಮೂರಲ್ಲಿ ಒಂದೇ ಇನಿಷಿಯಲ್ ಇರುವ ಮೂವರು ಮಂಜುನಾಥರಿದ್ದಾರೆ. ಹೋದ ವರ್ಷ ನಮ್ಮಣ್ಣನ ಹದಿನೈದು ದಿನದ ಹಾಲಿನ ದುಡ್ಡು ಇನ್ನೊಬ್ಬ ಮಂಜುನಾಥನ ಖಾತೆಗೆ ಹೋಯ್ತು. ಅತ್ತಿಗೆ ಪಾಸ್‌ಬುಕ್ ಹಿಡಿದು ಬೆಳಗ್ಗೆ ಆರಕ್ಕೇ ಡೇರಿ ಮುಂದೆ ನಿಂತಿದ್ದರು. ಸದಸ್ಯರ ನಂಬರ್ ತೆಗೆದು ನೋಡಿದ ಮೇಲೆಯೇ ಸರಿಹೋದದ್ದು. ಸಂಶೋಧಕರಿಗೂ ಅಂಥ ನಂಬರ್ ಇದೆ, 2012ರಿಂದ ಕೊಡುತ್ತಿರುವ 16 ಅಂಕಿಯ ಆರ್ಕಿಡ್ (ORCID) ಐಡಿ. ನಿಮ್ಮ ಲೇಖನದಲ್ಲಿ ಅದರ ಸುದ್ದಿಯೇ ಇಲ್ಲ.

ಸಂಶೋಧಕರ ಪ್ರಬಂಧಗಳು ಎಷ್ಟು ಉಲ್ಲೇಖವಾಗಿವೆ ಅಂತ ಅಳೆಯುವ ಎಚ್-ಇಂಡೆಕ್ಸ್ ಬಗ್ಗೆಯೂ ಒಂದು ಮಾತು. ಅದು 10 ಅಂದರೆ, ತಲಾ 10 ಸಲವಾದರೂ ಬೇರೆ ಬರಹಗಳಲ್ಲಿ ಉಲ್ಲೇಖವಾದ 10 ಪ್ರಬಂಧಗಳಿವೆ ಅಂತ, ಅಷ್ಟೇ. ಮನೋರೋಗದ ಬಗ್ಗೆ ಬರೆಯುವವರು ಪ್ರಪಂಚದಲ್ಲಿ ಜಾಸ್ತಿ, ಹಸುವಿನ ಮೇವಿಗೆ ಬೆರೆಸುವ ಖನಿಜ ಮಿಶ್ರಣದ ಬಗ್ಗೆ ಬರೆಯುವವರು ಕಡಿಮೆ. ಎರಡನ್ನೂ ಕೂಡಿಸಿ ಒಂದೇ ಸಂಖ್ಯೆ ಮಾಡಿದರೆ ಮೇವಿನ ಕೆಲಸ ಸುಮ್ನೆ ಮರೆಯಾಗುತ್ತದೆ, ಅಲ್ವಾ? ಆ ಕೆಲಸದಿಂದಲೇ ನಮ್ಮಂಥ ಬಯಲುಸೀಮೆಯ ಮನೆಗಳಲ್ಲಿ ಹಸು ಹೊತ್ತಿಗೆ ಸರಿಯಾಗಿ ಗಬ್ಬ ಕಟ್ಟುವುದು.

ದಯವಿಟ್ಟು ಪ್ರತಿ ಪ್ರಬಂಧದಲ್ಲಿರುವ ಸಂಸ್ಥೆಯ ಹೆಸರು, ಜೊತೆ ಲೇಖಕರ ಹೆಸರು ನೋಡಿ. ಆಮೇಲೆ ಇನ್ನೊಮ್ಮೆ ಬರೆಯಿರಿ, ಖಂಡಿತ ಓದುತ್ತೇನೆ.